ಫೆಂಡರ್ ರಂಬಲ್ 500 ಬೇಸ್ ಕಾಂಬೋ: ಡೊಂಬಿವಲಿ ಬೆಡ್‌ರೂಮಲ್ಲೂ ಮಾಟುಂಗಾ ಸ್ಟೇಜಲ್ಲೂ ನುಡಿಸಿದ್ಮೇಲೆ

ಬೇಸ್ ಗಿಟಾರ್ ಕೊಳ್ಳೋವಾಗ ನಮ್ಮೋರು ತಿಂಗಳುಗಟ್ಟಲೆ ತಲೆ ಕೆಡಿಸ್ಕೋತಾರೆ, ಯಾವ ಮರ, ಯಾವ ಪಿಕಪ್, ನಾಲ್ಕು ಸ್ಟ್ರಿಂಗಾ ಐದಾ ಅಂತ. ಆಂಪ್ (ಸೌಂಡ್ ಜೋರು ಮಾಡೋ ಆಂಪ್ಲಿಫೈಯರ್) ವಿಷಯ ಬಂದಾಗ ಮಾತ್ರ ಎಷ್ಟು ವಾಟ್ಸು ಅನ್ನೋ ಒಂದೇ ಪ್ರಶ್ನೆ. ನಾನು ಮುಂಬೈ ಪಕ್ಕದ ಡೊಂಬಿವಲಿಲಿ ಇರೋನು, ಗಣೇಶೋತ್ಸವ, ನವರಾತ್ರಿ, ಕನ್ನಡ ಸಂಘದ ಕಾರ್ಯಕ್ರಮ ಅಂತ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸ್ತೀನಿ, ಈಗ ಸುಮಾರು ದಿನದಿಂದ ಫೆಂಡರ್ ರಂಬಲ್ 500 ಕಾಂಬೋನೇ (ಆಂಪೂ ಸ್ಪೀಕರೂ ಒಂದೇ ಡಬ್ಬದಲ್ಲಿ ಇರೋದು) ಬಳಸ್ತಾ ಇದೀನಿ, ಅದರ ಬಗ್ಗೆ ವಿವರವಾಗಿ ಬರೀಬೇಕು ಅನ್ನಿಸ್ತು, ಯಾಕಂದ್ರೆ ಬೇಸಿನ ಸೌಂಡಲ್ಲಿ ದೊಡ್ಡ ಪಾಲು ಈ ಡಬ್ಬದ್ದು, ಮತ್ತೆ ಆ ಡಬ್ಬಾನ ಎಲ್ಲಿಟ್ಟಿದೀವಿ ಅನ್ನೋದ್ದು.

ಮೊದಲು ಏನಿದೆ ಅಂತ ಹೇಳ್ಬಿಡ್ತೀನಿ. ಎರಡು 10 ಇಂಚಿನ ಸ್ಪೀಕರ್, ಮೇಲಿನ ಸ್ವರಕ್ಕೆ ಅಂತ ಒಂದು ಪುಟ್ಟ ಸ್ಪೀಕರ್ ಅಂದ್ರೆ ಟ್ವೀಟರ್, ಮೇಲೆ ಕ್ಲಾಸ್ ಡಿ ಅನ್ನೋ ಹಗುರ ಜಾತಿಯ ಆಂಪ್, ಒಟ್ಟು ತೂಕ ಹದಿನಾರೂವರೆ ಕೆಜಿ ಹತ್ತಿರ. ಕೆಳಗಿನ ಸ್ವರದಿಂದ ಮೇಲಿನ ಸ್ವರದ ತನಕ ಹದ ಮಾಡೋಕೆ ಬೇಸ್, ಲೋ ಮಿಡ್, ಹೈ ಮಿಡ್, ಟ್ರೆಬಲ್ ಅಂತ ನಾಲ್ಕು ನಾಬು, ಜೊತೆಗೆ ಬ್ರೈಟ್, ಕಾಂಟೂರ್, ವಿಂಟೇಜ್ ಅನ್ನೋ ಮೂರು ಬಟನ್ನು, ಸೌಂಡನ್ನ ಬೇಕಂತಾನೇ ಒರಟು ಮಾಡೋ ಓವರ್‌ಡ್ರೈವ್, ಹೆಡ್‌ಫೋನ್ ಜ್ಯಾಕು, ಹಿಂದೆ ಮಿಕ್ಸರಿಗೆ ಕೇಬಲ್ ಹಾಕೋಕೆ ಎಕ್ಸ್‌ಎಲ್‌ಆರ್ ಔಟ್.

ಹೆಸರಲ್ಲಿ 500 ಇದ್ರೂ ಕಾಂಬೋನ ಹಾಗೇ ಬಳಸಿದ್ರೆ ಸಿಗೋದು 350 ವಾಟ್ಸ್. ಒಳಗಿರೋ ಸ್ಪೀಕರ್‌ಗಳ ಲೋಡ್, ಅಂದ್ರೆ ಕರೆಂಟಿಗೆ ಅವು ಒಡ್ಡೋ ತಡೆ, 8 ಓಮ್, ಇನ್ನೊಂದು 8 ಓಮ್ ಕ್ಯಾಬಿನೆಟ್ (ಬರೀ ಸ್ಪೀಕರ್ ಡಬ್ಬ) ಹಚ್ಚಿದ್ರೆ ಎರಡೂ ಸೇರಿ 4 ಓಮ್ ಆಗುತ್ತೆ, ಆಗ ಪೂರ್ತಿ 500. ಕಂಪನಿಯವ್ರು ಇದನ್ನ ಮುಚ್ಚಿಟ್ಟಿಲ್ಲ, ಸ್ಪೆಕ್‌ನಲ್ಲೇ ಬರೆದಿದಾರೆ. ಅಯ್ಯೋ 150 ವಾಟ್ಸ್ ಹೋಯ್ತಲ್ಲ ಅಂತ ಬೇಜಾರು ಮಾಡ್ಕೋಬೇಡಿ, 350ಕ್ಕೂ 500ಕ್ಕೂ ಇರೋ ವ್ಯತ್ಯಾಸ ಒಂದೂವರೆ ಡೆಸಿಬೆಲ್ ಅಷ್ಟೇ, ಬ್ಯಾಂಡ್ ಮಧ್ಯೆ ಅದು ಕಿವಿಗೆ ಗೊತ್ತೂ ಆಗಲ್ಲ. ವಾಟ್ಸ್ ಡಬಲ್ ಮಾಡಿದ್ರೆ ಸಿಗೋದು 3 ಡೆಸಿಬೆಲ್, ಸೌಂಡ್ ಎರಡರಷ್ಟು ಜೋರಾಯ್ತು ಅಂತ ಕಿವಿಗೆ ಅನ್ನಿಸ್ಬೇಕಾದ್ರೆ ಸುಮಾರು 10 ಡೆಸಿಬೆಲ್ ಬೇಕು, ಅಂದ್ರೆ ಹತ್ತರಷ್ಟು ಪವರ್ರು. ಎರಡನೇ ಕ್ಯಾಬಿನೆಟ್ ಹಾಕಿದಾಗ ನಿಜವಾಗ್ಲೂ ಲಾಭ ಆಗೋದು ಕೋನ್‌ಗಳು (ಸ್ಪೀಕರಿನ ಅಲುಗೋ ಶಂಕು) ಜಾಸ್ತಿ ಆಗಿ ಹೆಚ್ಚು ಗಾಳಿ ತಳ್ಳೋದ್ರಿಂದ. ಅದಕ್ಕೇ ನಾನು ಯಾರಿಗಾದ್ರೂ ಹೇಳೋದು, ವಾಟ್ಸ್ ಬಿಟ್ಟು ಸ್ಪೀಕರ್ ಎಷ್ಟಿದೆ, ಡಬ್ಬ ಹೇಗಿದೆ ನೋಡಿ ಅಂತ.

ಈಗ ಮನೆ ವಿಷಯ. ಮುಂಬೈ ಫ್ಲ್ಯಾಟಿನ ಬೆಡ್‌ರೂಮು ಅಂದ್ರೆ ಸಾಮಾನ್ಯವಾಗಿ ಹತ್ತು ಬೈ ಹನ್ನೆರಡು ಅಡಿ, ನಾಲ್ಕೂ ಕಡೆ ಗಟ್ಟಿ ಗೋಡೆ. ಬೇಸಿನ ಓಪನ್ ಇ ಸ್ಟ್ರಿಂಗ್ 41 ಹರ್ಟ್ಜ್, ಆ ಅಲೆಯ ಉದ್ದ ಎಂಟು ಮೀಟರ್‌ಗಿಂತ ಜಾಸ್ತಿ, ಅಂದ್ರೆ ನಮ್ಮ ರೂಮಿಗಿಂತ ದೊಡ್ಡದು. ಗೋಡೆಯಿಂದ ಗೋಡೆಗೆ ಅಲೆಯ ಅರ್ಧ ಭಾಗ ಸರಿಯಾಗಿ ಕೂರೋ ನೋಟ್ ಬಂದಾಗ ರೂಮೇ ಹಾಡೋಕೆ ಶುರು ಮಾಡುತ್ತೆ. ಹತ್ತು ಅಡಿಗೆ ಲೆಕ್ಕ ಹಾಕಿದ್ರೆ ಅದು 56 ಹರ್ಟ್ಜ್, ಓಪನ್ ಎ ಸ್ಟ್ರಿಂಗಿನ ಪಕ್ಕದಲ್ಲೇ. ಹನ್ನೆರಡು ಅಡಿಗೆ 47, ಅದು ಇ ಸ್ಟ್ರಿಂಗಿನ ಎರಡನೇ ಫ್ರೆಟ್ ಹತ್ತಿರ. ಹಾಗಾಗಿ ಓಪನ್ ಎ ಬಾರಿಸಿದ್ರೆ ಕಿಟಕಿ ನಡುಗುತ್ತೆ, ಪಕ್ಕದ ನೋಟು ಸಾಧಾರಣವಾಗಿ ಬರುತ್ತೆ, ರೂಮಿನ ನಟ್ಟನಡುವೆ ನಿಂತು ಅದೇ ಎ ಬಾರಿಸಿದ್ರೆ ಮಾಯ ಆದಂಗಿರುತ್ತೆ, ಗೋಡೆಗೆ ಒರಗಿ ಕೇಳಿದ್ರೆ ಮತ್ತೆ ಅಬ್ಬರ. ಇದನ್ನ ಆಂಪಿನ ದೋಷ ಅಂದ್ಕೊಂಡು ಮಾರ್ಬಿಡೋರು ಎಷ್ಟೋ ಜನ ಇದಾರೆ. ರಂಬಲ್ಲನ್ನ ಮೂಲೆಯಿಂದ ಈಚೆ ತಂದು, ನೆಲದಿಂದ ಮೇಲೆತ್ತಿ ಕುರ್ಚಿ ಮೇಲಿಟ್ಟು, ಬೇಸ್ ನಾಬ್ ಸ್ವಲ್ಪ ಇಳಿಸಿದ್ರೆ ನೋಟುಗಳು ಬೇರೆ ಬೇರೆಯಾಗಿ ಕೇಳೋಕೆ ಶುರುವಾಗುತ್ತೆ. ಮೂಲೆ ಅಂದ್ರೆ ಎರಡು ಗೋಡೆ ಮತ್ತೆ ನೆಲ, ಮೂರೂ ಸೇರಿ ಕೆಳಗಿನ ಫ್ರೀಕ್ವೆನ್ಸಿನ ಪುಕ್ಕಟೆ ಹೆಚ್ಚಿಸ್ತವೆ, ಸಣ್ಣ ರೂಮಿಗೆ ಅದು ಬೇಡವೇ ಬೇಡ.

ಇನ್ನೊಂದು ವಿಷಯ, ಕಡಿಮೆ ವಾಲ್ಯೂಮಲ್ಲಿ ನಮ್ಮ ಕಿವಿಗೆ ಕೆಳಗಿನ ಸ್ವರ ಸರಿಯಾಗಿ ಕೇಳಲ್ಲ. ಬೆಲ್ ಲ್ಯಾಬ್ಸಿನ ಫ್ಲೆಚರ್, ಮನ್ಸನ್ ಇಬ್ರೂ 1933ರಲ್ಲೇ ಇದನ್ನ ಅಳೆದು ತೋರಿಸಿದಾರೆ. ಪಕ್ಕದ ಮನೆಯೋರಿಗೆ ತೊಂದರೆ ಆಗದಂಗೆ ಸಣ್ಣಗೆ ಇಟ್ಕೊಂಡು, ಬೇಸ್ ಸಾಲ್ದು ಅಂತ ನಾಬ್ ತಿರುಗಿಸಿ ಸೆಟ್ ಮಾಡಿದ ಟೋನು ಸ್ಟೇಜ್ ಮೇಲೆ ಜೋರು ಮಾಡಿದ ತಕ್ಷಣ ಕೆಸರಾಗೋದು ಇದಕ್ಕೇ. ಮನೆ ಸೆಟ್ಟಿಂಗ್ ಬೇರೆ, ಸ್ಟೇಜ್ ಸೆಟ್ಟಿಂಗ್ ಬೇರೆ ಬರೆದಿಟ್ಕೊಳ್ಳಿ.

ಮೂರು ಬಟನ್ ಬಗ್ಗೆ ಹೇಳ್ಲೇಬೇಕು. ಕಾಂಟೂರ್ ಒತ್ತಿದ್ರೆ ಮಿಡ್ ಇಳಿದು ಕೆಳಗಿಂದೂ ಮೇಲಿಂದೂ ಎದ್ದು ಬರುತ್ತೆ, ಅಂಗಡೀಲಿ ಒಬ್ಬರೇ ಸ್ಲ್ಯಾಪ್ ಹೊಡೆದು (ಹೆಬ್ಬೆರಳಲ್ಲಿ ತಂತಿಗೆ ಬಡಿದು) ನೋಡಿದ್ರೆ ಆಹಾ ಅನ್ನಿಸುತ್ತೆ. ಆರ್ಕೆಸ್ಟ್ರಾದಲ್ಲಿ ಕಥೆಯೇ ಬೇರೆ. ಕೆಳಗಡೆ ಆಕ್ಟೋಪ್ಯಾಡ್ ಅನ್ನೋ ಎಲೆಕ್ಟ್ರಾನಿಕ್ ಡ್ರಮ್ಮಿನ ಕಿಕ್ಕು, ಢೋಲಕ್ಕಿನ ಎಡಗೈ, ಕೀಬೋರ್ಡಿನೋರ ಎಡಗೈ ಎಲ್ಲಾ ಅದೇ ಜಾಗಕ್ಕೆ ನುಗ್ಗಿರ್ತಾರೆ, ಮೇಲ್ಗಡೆ ತಾಳ, ಸಿಂಬಲ್ಲು, ಹಾಡೋರ ಧ್ವನಿ. ಮಧ್ಯದಲ್ಲಿ 400ರಿಂದ 800 ಹರ್ಟ್ಜ್ ಆಸುಪಾಸಲ್ಲಿ ಬೇಸಿಗೆ ಒಂದಿಷ್ಟು ಖಾಲಿ ಜಾಗ ಸಿಗುತ್ತೆ, ಯಾವ ಸ್ವರ ಬಾರಿಸ್ತಾ ಇದೀವಿ ಅಂತ ಗೊತ್ತಾಗೋದೇ ಅಲ್ಲಿಂದ, ಅದನ್ನೇ ಕಾಂಟೂರ್ ಕಿತ್ಕೊಂಡ್ರೆ ಏನು ಉಳೀತು ಹೇಳಿ, ಗುಂಯ್ ಅನ್ನೋ ಗುಡುಗು ಮಾತ್ರ. ನಾನು ಕಾಂಟೂರ್ ಮುಟ್ಟೋದೇ ಇಲ್ಲ. ವಿಂಟೇಜ್ ಒತ್ತಿ, ಲೋ ಮಿಡ್ ನಟ್ಟನಡುವೆ ಬಿಟ್ಟು, ಹೈ ಮಿಡ್ ಸ್ವಲ್ಪ ಏರಿಸ್ತೀನಿ, ಹಳೇ ಸಿನಿಮಾ ಹಾಡುಗಳಿಗೆ ಬೆರಳಲ್ಲಿ ಬಾರಿಸಿದಾಗ ಬರೋ ಆ ದುಂಡಗಿನ ಸೌಂಡಿಗೆ ಇದು ತುಂಬಾ ಹೊಂದುತ್ತೆ. ಆರ್.ಡಿ. ಬರ್ಮನ್ ತಂಡದಲ್ಲಿ ಬೇಸ್ ನುಡಿಸ್ತಾ ಇದ್ದ ಟೋನಿ ವಾಜ್ ಅವರ ಲೈನುಗಳನ್ನ ಇದೇ ಊರಲ್ಲಿ ಕೂತು ಅಭ್ಯಾಸ ಮಾಡ್ತಾ ಇದೀನಲ್ಲ ಅಂತ ನನಗೆ ಈಗ್ಲೂ ರೋಮಾಂಚನ ಆಗುತ್ತೆ.

ಟ್ವೀಟರಿಗೆ ಆನ್, ಆಫ್ ಸ್ವಿಚ್ ಅಷ್ಟೇ ಇದೆ, ಮಧ್ಯದಲ್ಲಿ ಹದ ಮಾಡೋ ನಾಬ್ ಇಲ್ಲ. ಓವರ್‌ಡ್ರೈವ್ ಬಳಸೋವಾಗ ಆಫ್ ಮಾಡಿ, ಇಲ್ದಿದ್ರೆ ಡಿಸ್ಟಾರ್ಷನ್ನಿನ ಮೇಲ್ಗಡೆ ಕರಕರ ಎಲ್ಲಾ ಅದರಿಂದ ಚುಚ್ಚಿಕೊಂಡು ಬರುತ್ತೆ.

ಹೋಲಿಸೋಕೆ ಅಂತ ಅಂಧೇರಿ ಕಡೆ ಒಂದು ಜ್ಯಾಮ್ ರೂಮಲ್ಲಿ ಆಂಪೆಗ್ ಕಂಪನಿಯ ಏಟ್ ಬೈ ಟೆನ್ ಮೇಲೂ ನುಡಿಸಿದೀನಿ, ಎಂಟು 10 ಇಂಚಿನ ಸ್ಪೀಕರ್ ಇರೋ ಫ್ರಿಜ್ಜಿನಂಥ ಕ್ಯಾಬಿನೆಟ್ಟು. ಇದರ ಹಿನ್ನೆಲೆ ಚೆನ್ನಾಗಿದೆ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಅನ್ನೋ ಎಲೆಕ್ಟ್ರಿಕ್ ಬೇಸ್ ಗಿಟಾರ್ ತಂದ್ರು, ಮರುವರ್ಷ 1952ರಲ್ಲಿ ಅದಕ್ಕಂತಾನೇ ಬೇಸ್‌ಮ್ಯಾನ್ ಆಂಪ್ ಬಂತು. ನಂತರ ಅದೇ ಬೇಸ್‌ಮ್ಯಾನು ನಾಲ್ಕು 10 ಇಂಚಿನ ಸ್ಪೀಕರ್ ಹಾಕ್ಕೊಂಡಾಗ ಬೇಸಿನೋರಿಗಿಂತ ಗಿಟಾರಿನೋರೇ ಅದನ್ನ ಹೆಚ್ಚು ಇಷ್ಟಪಟ್ರು, ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯ ಮೊದಲ ಆಂಪಿಗೂ ಅದೇ ಮಾದರಿ. ಬೇಸಿಗೆ ಅಂತ ದೊಡ್ಡ ಹಾಲು, ಸ್ಟೇಡಿಯಮ್ಮು ತುಂಬೋ ಸೌಂಡ್ ಬಂದಿದ್ದು 1969ರಲ್ಲಿ ಆಂಪೆಗ್ ಎಸ್‌ವಿಟಿ ಬಂದ್ಮೇಲೆ, 300 ವಾಟ್ಸಿನ ವಾಲ್ವ್ ಹೆಡ್ಡು, ಅಂದ್ರೆ ಸ್ಪೀಕರ್ ಇಲ್ಲದ ಬರೀ ಆಂಪು. 1960ರಲ್ಲಿ ಬಂದ ಆಂಪೆಗ್ಗಿನದೇ ಬಿ-15, ಒಂದೇ 15 ಇಂಚಿನ ಸ್ಪೀಕರಿಂದು, ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಬಳಸ್ತಾ ಇದ್ದಿದ್ದು ಅದು, ಸ್ಟುಡಿಯೋಗೆ ಸಾಕಾದಷ್ಟು, ಮೆತ್ತಗಿನ ಸೌಂಡು.

ಈ ಏಟ್ ಬೈ ಟೆನ್ ಹತ್ರ ನಿಂತು ಬಾರಿಸಿದ್ರೆ ಎದೆಗೆ ಗುದ್ದಿದ ಹಾಗಾಗುತ್ತೆ. ಇಷ್ಟು ದೊಡ್ಡದಿದೆ ಅಂದ್ರೆ ಪಾತಾಳದವರೆಗೂ ಇಳಿಯುತ್ತೆ ಅಂತ ಎಲ್ರೂ ಅಂದ್ಕೋತಾರೆ. ಹಾಗಿಲ್ಲ. ಅದು ಪೂರ್ತಿ ಮುಚ್ಚಿದ ಡಬ್ಬ, ಒಳಗೆ ನಾಲ್ಕು ಖಾನೆ, ಖಾನೆಗೆ ಎರಡು ಸ್ಪೀಕರ್, ಸುಮಾರು 60 ಹರ್ಟ್ಜಿನ ಕೆಳಗೆ ಸೌಂಡ್ ನಿಧಾನಕ್ಕೆ ಇಳೀತಾ ಹೋಗುತ್ತೆ. ಓಪನ್ ಇ ಬಾರಿಸಿದಾಗ ನಾವು ಕೇಳೋದು ಹೆಚ್ಚಾಗಿ ಅದರ ಎರಡರಷ್ಟು, ಅಂದ್ರೆ 82 ಹರ್ಟ್ಜು, ಆಮೇಲೆ 123, ಉಳಿದಿದ್ದನ್ನ ಮೆದುಳೇ ತುಂಬಿಸ್ಕೊಳ್ಳುತ್ತೆ. ಆ ಗುದ್ದು ಬರೋದು 80ರಿಂದ 200ರ ಮಧ್ಯದ ದಪ್ಪ ಭಾಗದಿಂದ, ಮತ್ತೆ ಎಂಟು ಕೋನ್ ಒಟ್ಟಿಗೆ ಅಲುಗೋದ್ರಿಂದ. ರಂಬಲ್ಲಿನದು ಪೋರ್ಟ್ (ಗಾಳಿ ಆಡೋ ತೂತು) ಇರೋ ಡಬ್ಬ. ಪೋರ್ಟ್ ಇದ್ರೆ ಸಣ್ಣ ಡಬ್ಬದಿಂದ್ಲೂ ಒಂದು ಮಟ್ಟದ ತನಕ ತುಂಬು ಸೌಂಡ್ ಸಿಗುತ್ತೆ, ಅದರ ಕೆಳಗೆ ಹೋದ್ರೆ ಮುಚ್ಚಿದ ಡಬ್ಬಕ್ಕಿಂತ ಬೇಗ ಕುಸಿಯುತ್ತೆ, ಸ್ಪೀಕರಿಗೂ ಅಲ್ಲಿ ಹಿಡಿತ ತಪ್ಪುತ್ತೆ. ಐದು ಸ್ಟ್ರಿಂಗಿನ ಬೇಸಲ್ಲಿ ಲೋ ಬಿ 31 ಹರ್ಟ್ಜ್ ಇದ್ಯಲ್ಲ, ಅದನ್ನ ಬೇಸ್ ನಾಬ್ ಏರಿಸಿ ಇದ್ರಿಂದ ಹೊರಡಿಸೋಕೆ ಹೋಗಬೇಡಿ, ಕೋನ್ ಸುಮ್ನೆ ಹಿಂದೆ ಮುಂದೆ ಒದ್ದಾಡುತ್ತೆ ಅಷ್ಟೇ, ಆ ಕೆಲಸ ಸಭಿಕರ ಕಡೆಗಿರೋ ದೊಡ್ಡ ಸೌಂಡ್ ಸಿಸ್ಟಮ್ (ಪಿಎ) ಸಬ್‌ವೂಫರಿಗೆ ಬಿಡಿ. ಸ್ಪೀಕರ್ ವಿಜ್ಞಾನದಲ್ಲಿ ಹಾಫ್‌ಮನ್ ನಿಯಮ ಅಂತಿದೆ, ಆಳವಾದ ಬೇಸು, ಜೋರು ಸೌಂಡು, ಸಣ್ಣ ಡಬ್ಬ, ಮೂರರಲ್ಲಿ ಎರಡನ್ನ ಆರಿಸ್ಕೊಳ್ಳಿ, ಮೂರನೇದು ಸಿಗಲ್ಲ. ಹಾಗೇ 15 ಇಂಚು ಅಂದ್ರೆ ಆಳ, 10 ಇಂಚು ಅಂದ್ರೆ ಚುರುಕು ಅನ್ನೋ ಮಾತೂ ಪೂರ್ತಿ ನಿಜ ಅಲ್ಲ, ಸ್ಪೀಕರಿನ ಗುಣ ಮತ್ತೆ ಡಬ್ಬದ ಅಳತೆ ಎರಡೂ ಸೇರಿ ಅದನ್ನ ತೀರ್ಮಾನ ಮಾಡ್ತವೆ.

ಆದ್ರೂ ನಾನು ರಂಬಲ್ಲೇ ಯಾಕೆ ಇಟ್ಕೊಂಡಿದೀನಿ ಅಂದ್ರೆ, ಎಸ್‌ವಿಟಿ ಹೆಡ್ ಒಂದೇ ಸುಮಾರು 38 ಕೆಜಿ, ಆ ಕ್ಯಾಬಿನೆಟ್ 60 ಕೆಜಿ ಮೇಲೆ. ಟೆಂಪೋ ಇಲ್ದೆ ಅದು ಬಾಗಿಲೂ ದಾಟಲ್ಲ. ರಂಬಲ್ಲನ್ನ ಒಂದು ಕೈಯಲ್ಲಿ ಹಿಡ್ಕೊಂಡು ಡೊಂಬಿವಲಿ ಸ್ಟೇಷನ್ ಬ್ರಿಜ್ ಹತ್ತಿ, ಲೋಕಲ್ಲಿನ ಲಗೇಜ್ ಡಬ್ಬಾದಲ್ಲಿ ಇಟ್ಕೊಂಡು ದಾದರಿಗೆ ಹೋಗಬಹುದು, ಆಫೀಸ್ ಟೈಮ್ ತಪ್ಪಿಸಿದ್ರೆ. ವಾಲ್ವು, ದೊಡ್ಡ ಟ್ರಾನ್ಸ್‌ಫಾರ್ಮರು ಇಲ್ದಿರೋ ಕ್ಲಾಸ್ ಡಿ ತಂತ್ರಜ್ಞಾನ ನಮ್ಮಂಥೋರಿಗೆ ಮಾಡಿರೋ ಉಪಕಾರ ಸಣ್ಣದಲ್ಲ.

ಮಾಟುಂಗಾ ಕಡೆ ಕನ್ನಡ ಕಾರ್ಯಕ್ರಮದ ಸ್ಟೇಜ್ ಮೇಲೆ ಇಟ್ಟಾಗ ಇದು ನನಗೆ, ಡ್ರಮ್ಮರಿಗೆ, ಕೀಬೋರ್ಡಿನೋರಿಗೆ ಆರಾಮಾಗಿ ಸಾಕು, ಸಭಿಕರಿಗೆ ಎಕ್ಸ್‌ಎಲ್‌ಆರ್‌ನಿಂದ ಸೌಂಡ್‌ನವ್ರ ಮಿಕ್ಸರಿಗೆ ಹೋಗುತ್ತೆ. ಹಮ್ (ಕರೆಂಟಿನ ಗುಂಯ್ ಸದ್ದು) ಬಂದ್ರೆ ಎಕ್ಸ್‌ಎಲ್‌ಆರಿನ ಗ್ರೌಂಡ್ ಸಂಪರ್ಕ ಬಿಡಿಸೋ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ, ಮಂಟಪದ ವೈರಿಂಗಲ್ಲಿ ಇದು ಬಹಳ ಸಲ ಬೇಕಾಗುತ್ತೆ. ಹಲಗೆಯ ಟೊಳ್ಳು ಸ್ಟೇಜ್ ಆದ್ರೆ ಅಲ್ಲೂ ಕುರ್ಚಿ ಮೇಲಿಡಿ, ಹಲಗೆ ಜೊತೆಗೆ ಅದುರೋದು ನಿಲ್ಲುತ್ತೆ, ಸ್ಪೀಕರ್ ಕಾಲಿಗಲ್ಲ, ಕಿವಿ ಕಡೆ ಹತ್ತಿರ ಆಗೋದ್ರಿಂದ ಅಷ್ಟು ವಾಲ್ಯೂಮೂ ಬೇಕಾಗಲ್ಲ. ರಾತ್ರಿ 10ಕ್ಕೆ ಲೌಡ್‌ಸ್ಪೀಕರ್ ನಿಲ್ಲಿಸ್ಬೇಕು, ವಿಶೇಷ ಅನುಮತಿ ಇರೋ ಕೆಲವು ದಿನ ಬಿಟ್ರೆ, ಹಾಗಾಗಿ ಸೌಂಡ್ ಚೆಕ್ಕಿಗೆ ಯಾರೂ ಜಾಸ್ತಿ ಟೈಮ್ ಕೊಡಲ್ಲ, ಪ್ಲಗ್ ಹಾಕಿದ ತಕ್ಷಣ ಸರಿಯಾಗಿ ಕೇಳೋ ಆಂಪ್ ಇದ್ರೆ ಅರ್ಧ ಟೆನ್ಷನ್ ಕಮ್ಮಿ. ಈ ವಿಷಯದಲ್ಲಿ ರಂಬಲ್ಲಿಗೆ ಪೂರ್ತಿ ಮಾರ್ಕ್ಸು.

ಮಳೆಗಾಲದಲ್ಲಿ ಸ್ವಲ್ಪ ಜೋಪಾನ. ಜೂನಿಂದ ಸೆಪ್ಟೆಂಬರ್ ತನಕ ಇಲ್ಲಿನ ತೇವಕ್ಕೆ ಜ್ಯಾಕುಗಳು ಕಿಲುಬು ಹಿಡಿದು ಕರಕರ ಅನ್ನುತ್ವೆ, ಕಾಂಟ್ಯಾಕ್ಟ್ ಕ್ಲೀನರ್ ಇಟ್ಕೊಳ್ಳಿ, ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಸುತ್ತಿಡಬೇಡಿ, ಬೂಷ್ಟು ಬರುತ್ತೆ. ಎಕ್ಸ್‌ಟ್ರಾ ಕ್ಯಾಬಿನೆಟ್ ಹಚ್ಚೋದಾದ್ರೆ ಸ್ಪೀಕರ್ ಕೇಬಲ್ಲೇ ಬಳಸಿ, ಗಿಟಾರ್ ಕೇಬಲ್ ಬೇಡ, ಅದರ ತೆಳು ತಂತಿ ಈ ಕರೆಂಟಿಗೆ ಅಲ್ಲ. ಒಟ್ಟು ಲೋಡ್ 4 ಓಮಿಗಿಂತ ಕೆಳಗೆ ಹೋಗ್ಬಾರದು, ಇದು ಕಡ್ಡಾಯ.

ಮನೆಯಲ್ಲಿ ಅಭ್ಯಾಸಕ್ಕೆ ಮಾತ್ರ ಬೇಕು ಅನ್ನೋರಿಗೆ ಇದೇ ಸಾಲಿನ ರಂಬಲ್ 100 ಧಾರಾಳ ಸಾಕು, ಒಂದು 12 ಇಂಚಿನ ಸ್ಪೀಕರು, 10 ಕೆಜಿ. ಡ್ರಮ್ಸ್ ಇರೋ ಬ್ಯಾಂಡಿನ ಜೊತೆ ನುಡಿಸೋರು 500ಕ್ಕೇ ಹೋಗಿ. ಧೋಬಿ ತಲಾವ್ ಕಡೆ ವಾದ್ಯದ ಅಂಗಡಿಗಳಲ್ಲಿ ನೋಡೋಕೆ ಹೋದ್ರೆ ನಿಮ್ಮದೇ ಬೇಸ್ ತಗೊಂಡು ಹೋಗಿ, ಎಲ್ಲಾ ನಾಬ್ ನಡುವೆ ಇಟ್ಟು, ಬಟನ್ನೆಲ್ಲಾ ಆಫ್ ಮಾಡಿ ಮೊದಲು ಕೇಳಿ, ಆಂಪಿನಿಂದ ಹತ್ತು ಹೆಜ್ಜೆ ದೂರ ನಿಂತು ಕೇಳಿ, ಹತ್ರ ನಿಂತಾಗ ಕೇಳದ ಮಿಡ್ ಅಲ್ಲಿ ಗೊತ್ತಾಗುತ್ತೆ.

ನನಗೆ ಮುಂದಕ್ಕೆ ಇದರ ಜೊತೆ 8 ಓಮಿನ ರಂಬಲ್ 112 ಕ್ಯಾಬಿನೆಟ್ ಹಾಕ್ಬೇಕು ಅಂತಿದೆ, ಪಕ್ಕಕ್ಕಲ್ಲ, ಒಂದರ ಮೇಲೊಂದು, ಅಕ್ಕಪಕ್ಕ ಇಟ್ರೆ ಸ್ಟೇಜಿನ ಎಡಬಲದಲ್ಲಿ ನಿಂತೋರಿಗೆ ಸೌಂಡ್ ಒಂದೊಂದು ಕಡೆ ಒಂದೊಂದು ಥರ ಕೇಳುತ್ತೆ. ಮುಂಬೈ, ಠಾಣೆ ಕಡೆ ಯಾರ ಹತ್ರ ಆದ್ರೂ ಆ ಕ್ಯಾಬಿನೆಟ್ ಇದ್ರೆ ಹೇಳ್ರಪ್ಪಾ, ನನ್ನ ಕಾಂಬೋ ಎತ್ಕೊಂಡು ನಾನೇ ಬರ್ತೀನಿ, ಒಟ್ಟಿಗೆ ಹಚ್ಚಿ ಕೇಳೋಣ.