ಇಂಗ್ಲಿಷ್ ಇಡಿಯಮ್ ಕಲಿಯಲು ಯಾವುದು ವಾಸಿ: ಪಟ್ಟಿ ಪುಸ್ತಕವೋ, ಆಂಕಿಯೋ, ಯೂಗ್ಲಿಷೋ?

ಕೇಂದ್ರ ಸರ್ಕಾರಿ ನೌಕರಿಯ ಎಸ್‌ಎಸ್‌ಸಿ ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದಷ್ಟೇ ಗುರಿಯಾದರೆ ಅಂಗಡಿಯಲ್ಲಿ ಸಿಗುವ ಇಡಿಯಮ್ (ನುಡಿಗಟ್ಟು) ಪಟ್ಟಿಯ ಪುಸ್ತಕ ಧಾರಾಳ ಸಾಕು. ಮಾತಿನಲ್ಲೋ ಆಫೀಸಿನ ಮೇಲ್‌ನಲ್ಲೋ ಬಳಸಬೇಕೆಂದರೆ ಸಾಲದು.

ಪುಸ್ತಕದ ಮೊದಲ ತೊಂದರೆ ಅಕಾರಾದಿ ಜೋಡಣೆ. ‘ಬೈಟ್ ದ ಬುಲೆಟ್’ ಅಂದರೆ ಹಲ್ಲು ಕಚ್ಚಿ ಕಷ್ಟ ಎದುರಿಸುವುದು, ‘ಬೈಟ್ ದ ಡಸ್ಟ್’ ಅಂದರೆ ಮಣ್ಣು ಮುಕ್ಕುವುದು. ಎರಡೂ ಒಂದರ ಕೆಳಗೊಂದು ಕೂತಿರುವುದರಿಂದ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಎರಡನೆಯ ತೊಂದರೆ ದೊಡ್ಡದು: ಧಾಟಿ ತಿಳಿಯುವುದಿಲ್ಲ. ‘ಕಿಕ್ ದ ಬಕೆಟ್’ ಎದುರು ‘ಸಾಯು’ ಎಂದಷ್ಟೇ ಇರುತ್ತದೆ. ಅದು ನಮ್ಮ ‘ಗೊಟಕ್ ಅನ್ನು’ ಬಗೆಯದು. ಸಂತಾಪದ ಮೇಲ್‌ನಲ್ಲಿ ಬರೆದರೆ ಮುಗಿಯಿತು ಕಥೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಲರ್ನರ್ಸ್ ಡಿಕ್ಷನರಿಗಳು ಆನ್‌ಲೈನಿನಲ್ಲಿ ಉಚಿತ. ಇನ್‌ಫಾರ್ಮಲ್, ಓಲ್ಡ್-ಫ್ಯಾಶನ್ಡ್ ಎಂಬ ಗುರುತನ್ನೂ ಉದಾಹರಣೆ ವಾಕ್ಯವನ್ನೂ ಅಲ್ಲೇ ನೋಡಿಕೊಳ್ಳಬೇಕು.

ಆಂಕಿ ಎಂದರೆ ನಾವು ಮಾಡಿಟ್ಟ ಪ್ರಶ್ನೋತ್ತರದ ಕಾರ್ಡುಗಳನ್ನು ದಿನ ಬಿಟ್ಟು ದಿನ ಮತ್ತೆ ಮತ್ತೆ ಕೇಳಿ ನೆನಪಿಸುವ ಆ್ಯಪ್. ನೆನಪಿನಲ್ಲಿ ಉಳಿಸುವ ವಿಷಯದಲ್ಲಿ ಅದಕ್ಕೆ ಸಾಟಿಯಿಲ್ಲ, ಕಾರ್ಡನ್ನು ಸರಿಯಾಗಿ ಮಾಡಿದರೆ. ಮುಂದೆ ಇಡಿಯಮ್, ಹಿಂದೆ ಕನ್ನಡ ಅರ್ಥ ಎಂಬ ಕಾರ್ಡು ಪಟ್ಟಿ ಪುಸ್ತಕದ್ದೇ ಇನ್ನೊಂದು ಅವತಾರ: ಓದಿದಾಗ ಗುರುತು ಸಿಗುತ್ತದೆ, ಬಾಯಿಗೆ ಬರುವುದಿಲ್ಲ. ಅದರ ಬದಲು ಕ್ಲೋಜ್ ಕಾರ್ಡು, ಅಂದರೆ ಬಿಟ್ಟ ಸ್ಥಳ ತುಂಬುವ ಬಗೆಯದು, ಆರಿಸಿ, ಡಿಕ್ಷನರಿಯ ಪೂರ್ತಿ ವಾಕ್ಯ ಹಾಕಿ, ಮರೆಮಾಡಬೇಕಾದ ಪದವನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್-ಶಿಫ್ಟ್-ಸಿ ಒತ್ತಿ. ಯಾವ ಪದ ಮರೆಮಾಡಬೇಕು ಎಂಬುದರಲ್ಲೇ ಎಲ್ಲ ಇದೆ. ಕನ್ನಡದಲ್ಲಿ ಆರ್ಟಿಕಲ್ (ಎ, ಆ್ಯನ್, ದ) ಇಲ್ಲದ್ದರಿಂದ ನಮ್ಮ ಬಾಯಲ್ಲಿ ‘ಇನ್ ದ ಲಾಂಗ್ ರನ್’ ಹೋಗಿ ‘ಇನ್ ಲಾಂಗ್ ರನ್’ ಆಗುತ್ತದೆ. ಹಾಗಾಗಿ ‘ಲಾಂಗ್’ ಅಲ್ಲ, ‘ಇನ್ ದ’ ಮರೆಯಾಗಬೇಕು. ಸುಮ್ಮನೆ ಬಿಟ್ಟರೆ ಆಂಕಿ ದಿನಕ್ಕೆ 20 ಹೊಸ ಕಾರ್ಡು ಕೊಡುತ್ತದೆ. ಇಡಿಯಮ್‌ಗೆ ಅದು ವಿಪರೀತ. ಸೆಟ್ಟಿಂಗ್‌ನಲ್ಲಿ 5ಕ್ಕೆ ಇಳಿಸಿ, ಇಲ್ಲದಿದ್ದರೆ ರಿವ್ಯೂ (ಹಳೆಯ ಕಾರ್ಡುಗಳ ಮರುಓದು) ಗುಡ್ಡೆಬಿದ್ದು ಆ್ಯಪನ್ನೇ ತೆರೆಯಲು ಮನಸ್ಸಾಗುವುದಿಲ್ಲ. ಕಂಪ್ಯೂಟರ್, ಆಂಡ್ರಾಯ್ಡ್‌ಗಳಲ್ಲಿ ಉಚಿತ, ಐಫೋನಿನಲ್ಲಿ ದುಡ್ಡು.

ಯೂಗ್ಲಿಷ್ ಎಂಬ ವೆಬ್‌ಸೈಟು ಕಲಿಸುವುದಕ್ಕಿಂತ, ಬಳಕೆಯಲ್ಲಿರುವ ಇಡಿಯಮ್ ಯಾವುದೆಂದು ಜರಡಿ ಹಿಡಿಯಲು ಒಳ್ಳೆಯದು. ಇಡಿಯಮ್ ಟೈಪ್ ಮಾಡಿದರೆ ಯೂಟ್ಯೂಬ್ ವಿಡಿಯೊಗಳಲ್ಲಿ ಅದು ಬರುವ ಜಾಗವನ್ನೇ ಆಡಿಸುತ್ತದೆ. ಮೊದಲ ಹತ್ತು ತುಣುಕು ನೋಡಿ: ಸಂದರ್ಶನ, ಭಾಷಣ, ಹರಟೆಗಳಲ್ಲಿ ಬಂದಿದ್ದರೆ ಕಾರ್ಡು ಮಾಡಿ. ಹೆಚ್ಚಿನವು ಇಂಗ್ಲಿಷ್ ಪಾಠದ ವಿಡಿಯೊಗಳೇ ಆಗಿದ್ದರೆ ಕೈಬಿಡಿ. ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಹಾಕಿ ನೋಡಿದರೆ ನಾನು ಹೇಳುವುದು ಅರ್ಥವಾಗುತ್ತದೆ. ಅಮೆರಿಕ, ಬ್ರಿಟನ್ ಎಂದು ಬೇರೆಬೇರೆ ಆರಿಸುವ ಸೌಲಭ್ಯವೂ ಇದೆ. ಬ್ರಿಟನ್ನಿನವರ ‘ಟಚ್ ವುಡ್’ ಅಮೆರಿಕದಲ್ಲಿ ‘ನಾಕ್ ಆನ್ ವುಡ್’. ‘ಆನ್ ದ ಕಾರ್ಡ್ಸ್’ ಅಲ್ಲಿ ‘ಇನ್ ದ ಕಾರ್ಡ್ಸ್’. ಕಾರ್ಡಿನ ಮೂಲೆಯಲ್ಲಿ ದೇಶದ ಹೆಸರು ಬರೆದಿಟ್ಟರೆ ಎರಡೂ ಬೆರೆಯುವುದಿಲ್ಲ.