ಅಮೋರೆ, ತೆಸೋರೊ, ಕುಚ್ಚೊಲೊ: ನಮ್ಮ ಮನೆಯಲ್ಲಿ ಉಳಿದದ್ದು ಯಾವುದು?

ಟ್ಯೂರಿನ್‌ನಲ್ಲಿ ಎರಡು ವರ್ಷ ಇದ್ದಾಗ ನನಗೊಂದು ಹುಚ್ಚು ಹಿಡಿದಿತ್ತು: ‘ರೀ’ ಬಿಟ್ಟು ಗಂಡನನ್ನು ಇಟಾಲಿಯನ್ ಮುದ್ದುಹೆಸರಲ್ಲಿ ಕರೆಯಬೇಕು ಅಂತ. ವಾರಕ್ಕೊಂದು ಹೆಸರು.

ಮೊದಲು ‘ಅಮೋರೆ’. ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಸವೆದದ್ದೂ ಅದೇ. ಟ್ರಾಮಿನಲ್ಲಿ ಹಟ ಮಾಡುವ ಮಗುವಿಗೂ ಅಮ್ಮಂದಿರು ಅಮೋರೆ ಅನ್ನುತ್ತಾರೆ. ಅದರ ಅರ್ಥ ‘ಪ್ರೀತಿ’ ಎಂದು ಗೊತ್ತಾದ ದಿನ ಇವರು, “ಪ್ರೀತಿ ನಮ್ಮ ದೊಡ್ಡಪ್ಪನ ಮಗಳು ಮಾರಾಯ್ತಿ, ಬೇಡ” ಎಂದುಬಿಟ್ಟರು.

‘ತೆಸೋರೊ’ ಅಂದರೆ ನಿಧಿ. ನಮ್ಮ ಚಿನ್ನ, ಬಂಗಾರಗಳ ಸಾಲಿನದು. ಗಂಡಿಗೂ ಹೆಣ್ಣಿಗೂ ಒಂದೇ ರೂಪ. ಉತ್ತರ ಇಟಲಿಯವರು ನಡುವಿನ ‘ಸೋ’ವನ್ನು ‘ಝೋ’ ಮಾಡುತ್ತಾರೆ, ದಕ್ಷಿಣದವರು ನಮ್ಮ ಹಾಗೆ ‘ಸೋ’ ಅನ್ನುತ್ತಾರೆ. ಇದೇ ಇರಲಿ ಅಂದುಕೊಂಡಿದ್ದೆ. ಆದರೆ ಪೋರ್ತಾ ಪಲಾತ್ಸೊ ಸಂತೆಯಲ್ಲಿ ಟೊಮೆಟೊ ಮಾರುವಾಕೆ ನನಗೂ ತೆಸೋರೊ ಅಂದಳು, ನನ್ನ ಹಿಂದೆ ನಿಂತಿದ್ದ ಅಜ್ಜನಿಗೂ ಅಂದಳು. ಅಲ್ಲಿಗೆ ನನ್ನ ನಿಧಿ ಕರಗಿತು.

‘ಕಾರೊ’ ಅಂದರೆ ಪ್ರಿಯ, ಪತ್ರದ ಮೊದಲ ಸಾಲಿಗೆ ಸರಿ. ‘ತುಟ್ಟಿ’ ಅಂತಲೂ ಅರ್ಥವಿದೆ, ಮನೆಬಾಡಿಗೆ ನೆನಪಾಗುತ್ತಿತ್ತು. ‘ಪತತೀನೊ’ ಅಂದರೆ ಪುಟ್ಟ ಆಲೂಗಡ್ಡೆ. ಹೊಟ್ಟೆ ಬಂದ ಗಂಡನಿಗೆ ಹೇಳಿ ಮಾಡಿಸಿದ್ದು, ಆದರೆ ಅವರು ನಗಲಿಲ್ಲ. ಹೆಂಗಸರಿಗೆ ‘ಪತತೀನ’ ಅನ್ನುವ ಮುಂಚೆ ಹುಷಾರು. ಚಿಪ್ಸ್ ಅಷ್ಟೇ ಅಲ್ಲ, ಇಲ್ಲಿ ಬರೆಯಲಾಗದ ಅರ್ಥವೂ ಉಂಟು.

ಕೊನೆಗೆ ನಿಂತದ್ದು ‘ಕುಚ್ಚೊಲೊ’. ನಾಯಿಮರಿ, ಕರಡಿಮರಿ, ಯಾವ ಮರಿಗಾದರೂ ಸಲ್ಲುತ್ತದೆ. ನಾವು ಮಕ್ಕಳನ್ನು ‘ಮರಿ’ ಅನ್ನುವುದಿಲ್ಲವೇ, ಅದೇ. ನಡುವೆ ದಪ್ಪನೆಯ ಒತ್ತಕ್ಷರ, ಕೊನೆಗೆ ಸ್ವರ. ಕನ್ನಡದ ನಾಲಗೆಗೆ ಏನೂ ಹೊಸದಲ್ಲ. ನಮ್ಮ ಪುಟ್ಟ–ಪುಟ್ಟಿಯ ಹಾಗೆ ಇದಕ್ಕೂ ಜೋಡಿ ಇದೆ: ಅವರು ಕುಚ್ಚೊಲೊ, ನಾನು ಕುಚ್ಚೊಲ. ಸಂತೆಯಲ್ಲಿ ಯಾರೂ ಅಪರಿಚಿತರನ್ನು ಹಾಗೆ ಕರೆದದ್ದು ನಾನಂತೂ ಕೇಳಲಿಲ್ಲ.

ಈಗ ಉಡುಪಿಗೆ ವಾಪಸಾಗಿದ್ದೇವೆ. ಹಿರಿಯರ ಎದುರಿಗೆ ಮತ್ತೆ ‘ರೀ’. ಮೊನ್ನೆ ಇವರು ಬಾಯಿ ತಪ್ಪಿ ಹಜಾರದಿಂದಲೇ “ಕುಚ್ಚೊಲಾ...” ಎಂದು ಕೂಗಿದರು. ಅಡುಗೆಮನೆಯಿಂದ ಅತ್ತೆಯ ಉತ್ತರ ಬಂತು: “ಕುಚ್ಚಲಕ್ಕಿ ಡಬ್ಬದಲ್ಲುಂಟು ಮಗಾ, ಈಗ ಎಂಥಕ್ಕೆ ನಿಂಗೆ?”