ಸ್ವಂತ ತಂಡ, ಹಳೆಯ ಕಾನ್ಫರೆನ್ಸ್, ಸೋಲುವ ಕಾಲೇಜು: ಮೂರು ಡೈನಸ್ಟಿಗಳನ್ನು ಆಡಿ ನೋಡಿದ ಮೇಲೆ

ನಾನು ಅಮೆರಿಕದ ಓಹಾಯೋ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿದವನು. ‘ಕಾಲೇಜ್ ಫುಟ್‌ಬಾಲ್ 25’ ಎಂಬ ಅಮೆರಿಕನ್ ಫುಟ್‌ಬಾಲ್ ವಿಡಿಯೊ ಗೇಮ್ 2024ರ ಜುಲೈನಲ್ಲಿ ಬಂದಾಗ ಅದರ 134 ತಂಡಗಳ ಪಟ್ಟಿಯಲ್ಲಿ ಮೊದಲು ಹುಡುಕಿದ್ದು ನಮ್ಮ ಕಾಲೇಜನ್ನೇ. ಆದರೂ ಅದನ್ನು ಆಡಲು ತೊಡಗಿದ್ದು ಕೊನೆಗೆ. ಅದಕ್ಕೂ ಮುಂಚೆ ಬೇರೆ ಎರಡು ದಾರಿ ಹಿಡಿದಿದ್ದೆ.

ಈ ಆಟದ ಜೀವ ಇರುವುದು ಡೈನಸ್ಟಿ ಎಂಬ ವಿಭಾಗದಲ್ಲಿ. ಕೋಚ್ ಆಗಿ ಒಂದು ಕಾಲೇಜನ್ನು ವಹಿಸಿಕೊಂಡು, ಹೈಸ್ಕೂಲಿನಿಂದ ಹುಡುಗರನ್ನು ಕರೆತಂದು, ಮೂವತ್ತು ಸೀಸನ್‌ಗಳವರೆಗೆ ತಂಡ ನಡೆಸಬಹುದು. ಇದ್ದದ್ದು ಇದ್ದ ಹಾಗೆ ಆಡಿದರೆ ನಾಲ್ಕನೆಯ ಸೀಸನ್ ಹೊತ್ತಿಗೆ ಯಾರದೋ ಮನೆಯ ಲೆಕ್ಕ ಬರೆಯುತ್ತಿದ್ದೇನೆ ಎನಿಸತೊಡಗುತ್ತದೆ. ಅದನ್ನು ನನ್ನದಾಗಿಸಿಕೊಳ್ಳುವ ದಾರಿ ಯಾವುದೆಂದು ತಿಳಿಯಲು ಮೂರು ಡೈನಸ್ಟಿಗಳನ್ನು ಒಂದೇ ಕಷ್ಟದ ಮಟ್ಟದಲ್ಲಿ, ಆಲ್-ಅಮೆರಿಕನ್‌ನಲ್ಲಿ, ಆಡಿದೆ. ಪ್ರತಿಯೊಂದಕ್ಕೂ ನಾಲ್ಕು ಸೀಸನ್ ಎಂದು ಲೆಕ್ಕ ಹಾಕಿಕೊಂಡಿದ್ದೆ.

ಮೊದಲನೆಯದು ಸ್ವಂತ ಕಾಲೇಜು. ಟೀಮ್‌ಬಿಲ್ಡರ್ ಎಂಬ ಜಾಲತಾಣದಲ್ಲಿ ತಂಡ ಕಟ್ಟಿ, ಆಮೇಲೆ ಅದನ್ನು ಆಟಕ್ಕೆ ಇಳಿಸಿಕೊಳ್ಳಬೇಕು. ಹೆಸರು, ಲಾಂಛನ, ಹೆಲ್ಮೆಟ್, ಅಂಗಿ, ಮೈದಾನದ ನಡುವಿನ ಚಿತ್ರ, ಎಲ್ಲವೂ ನಮ್ಮ ಕೈಯಲ್ಲಿ. ಕ್ರೀಡಾಂಗಣವನ್ನು ಮಾತ್ರ ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು. ನಾನು ಅರಿಶಿನ ಕುಂಕುಮದ ಬಣ್ಣ ಕೊಟ್ಟು, ಹೆಲ್ಮೆಟ್ಟಿನ ಎರಡೂ ಬದಿಗೆ ಗಂಡಭೇರುಂಡವನ್ನು ಕೂರಿಸಿದೆ. ಹಕ್ಕಿಯ ಎರಡು ಕೊಕ್ಕುಗಳೂ ಹೆಲ್ಮೆಟ್ಟಿನ ಬಾಗಿನಲ್ಲಿ ಸೊಟ್ಟಗಾಗುತ್ತಿದ್ದವು. ಚಿತ್ರವನ್ನು ಕುಗ್ಗಿಸಿ, ಮೇಲೆ ಸರಿಸಿ, ಮತ್ತೆ ಕುಗ್ಗಿಸಿ, ಎರಡು ರಾತ್ರಿ ಅದರಲ್ಲೇ ಕಳೆದವು. ಮೊದಲ ಪಂದ್ಯದಲ್ಲಿ ಹನ್ನೊಂದು ಗಂಡಭೇರುಂಡಗಳು ಸಾಲಾಗಿ ನಿಂತಾಗ ಎದೆ ತುಂಬಿ ಬಂದದ್ದು ನಿಜ.

ಹೊಸ ತಂಡ ಒಳಗೆ ಬರಬೇಕಾದರೆ ಇರುವ ತಂಡವೊಂದು ಜಾಗ ಬಿಡಬೇಕು. ಒಂದು ಡೈನಸ್ಟಿಗೆ ಇಂಥ ಹದಿನಾರು ತಂಡಗಳನ್ನು ತರಬಹುದು. ನಾನು ತೆಗೆದದ್ದು ಕೆಂಟ್‌ನ ನೆರೆಯ ಊರಿನ ಅಕ್ರನ್ ತಂಡವನ್ನು. ನಮ್ಮ ಎದುರಾಳಿ, ಹೋದರೆ ಹೋಗಲಿ ಎಂದುಕೊಂಡೆ. ಎರಡನೆಯ ಸೀಸನ್‌ನಲ್ಲಿ ತಪ್ಪು ಅರಿವಾಯಿತು. ಕೆಂಟ್ ಮತ್ತು ಅಕ್ರನ್ ನಡುವೆ ‘ವ್ಯಾಗನ್ ವೀಲ್’ ಎಂಬ ಬಂಡಿಚಕ್ರಕ್ಕಾಗಿ ನಡೆಯುವ ಪಂದ್ಯವಿದೆ. 1940ರ ದಶಕದಿಂದ ಬಂದ ಟ್ರೋಫಿ ಅದು. ನನ್ನ ಚೆಂದದ ತಂಡ ಬಂದು ಆ ಪಂದ್ಯವನ್ನೇ ಅಳಿಸಿಹಾಕಿತ್ತು. ಗಂಡಭೇರುಂಡದವರು ಗೆದ್ದರೆ ಹೊಟ್ಟೆ ಉರಿದುಕೊಳ್ಳುವವರಿಲ್ಲ, ಸೋತರೆ ಹಳೆಯ ಸೇಡು ನೆನೆಯುವವರಿಲ್ಲ. ಮೂರನೆಯ ಸೀಸನ್‌ನಲ್ಲಿ ಆಡುವುದಕ್ಕಿಂತ ಅಂಗಿಯ ಬಣ್ಣ ತಿದ್ದುವುದರಲ್ಲೇ ಹೆಚ್ಚು ಹೊತ್ತು ಕಳೆದೆ. ಗೆಳೆಯರು ಹತ್ತಾರು ಜನ ಸೇರಿ, ಒಬ್ಬೊಬ್ಬರೂ ತಮ್ಮ ತಮ್ಮ ಕಾಲೇಜು ಕಟ್ಟಿ ಆನ್‌ಲೈನ್‌ನಲ್ಲಿ ಆಡುವುದಾದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ, ಏಕೆಂದರೆ ಅಲ್ಲಿ ಸೇಡು ತಾನಾಗಿ ಹುಟ್ಟುತ್ತದೆ. ಒಬ್ಬನೇ ಕೂತು ಆಡುವವನಿಗೆ ಅದು ದಕ್ಕುವುದಿಲ್ಲ.

ಎರಡನೆಯದು ಕಾನ್ಫರೆನ್ಸ್‌ಗಳನ್ನು, ಅಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಕೂಟಗಳನ್ನು, ಮರಳಿ ಜೋಡಿಸುವುದು. 2024ರಲ್ಲಿ ಪಶ್ಚಿಮ ಕರಾವಳಿಯ ಪ್ಯಾಕ್-12 ಒಡೆದು ಹತ್ತು ಕಾಲೇಜುಗಳು ಚದುರಿಹೋದವು. ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದವು. ಆಟದಲ್ಲಿ ಅವನ್ನೆಲ್ಲ ಹಿಂದಕ್ಕೆ ಕರೆತರಬಹುದು. ಒಂದು ಕಾನ್ಫರೆನ್ಸ್‌ನಲ್ಲಿ ಇಪ್ಪತ್ತು ತಂಡಗಳವರೆಗೆ ಜಾಗವಿದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಹಳೆಯ ವೇಳಾಪಟ್ಟಿ ತೆರೆಯ ಮೇಲೆ ಮತ್ತೆ ಮೂಡಿದಾಗ ಸಮಾಧಾನವಾಯಿತು. ಆದರೆ ಆ ಕರಾವಳಿಯ ಜೊತೆ ನನಗೆ ಒಡನಾಟವಿಲ್ಲ. ಊರು ಸರಿಹೋಯಿತು, ಅದರೊಳಗೆ ನನ್ನದೊಂದು ಮನೆಯಿರಲಿಲ್ಲ. ಎರಡು ಸೀಸನ್‌ಗೆ ನಿಲ್ಲಿಸಿದೆ. ಆ ಕಡೆಯ ಕಾಲೇಜಿನಲ್ಲಿ ಓದಿದವರ ಅನುಭವ ಬೇರೆಯೇ ಇದ್ದೀತು.

ಮೂರನೆಯ ಸಲ ಏನನ್ನೂ ಕಟ್ಟಲಿಲ್ಲ, ಏನನ್ನೂ ತೆಗೆಯಲಿಲ್ಲ. ಕೆಂಟ್ ಸ್ಟೇಟ್ ತಂಡವನ್ನು ಇದ್ದಂತೆಯೇ ತೆಗೆದುಕೊಂಡೆ. ನಿಜ ಜೀವನದಲ್ಲಿ ಈ ತಂಡ 2023ರಲ್ಲಿ ಹನ್ನೆರಡು ಪಂದ್ಯಗಳಲ್ಲಿ ಗೆದ್ದದ್ದು ಒಂದು, 2024ರಲ್ಲಿ ಸೊನ್ನೆ. ತನ್ನ ಕಾನ್ಫರೆನ್ಸ್ ಗೆದ್ದದ್ದು 1972ರಲ್ಲಿ, ಮುಂದೆ ದೊಡ್ಡ ಕೋಚ್ ಆದ ನಿಕ್ ಸೇಬನ್ ಇಲ್ಲಿ ವಿದ್ಯಾರ್ಥಿಯಾಗಿ ಆಡುತ್ತಿದ್ದ ಕಾಲದಲ್ಲಿ. ಕೋಚ್‌ಗೆ ನನ್ನ ಹೆಸರನ್ನೇ ಇಟ್ಟು, ಆಟಗಾರರನ್ನು ಹುರಿದುಂಬಿಸಿ ಬೆಳೆಸುವ ‘ಮೋಟಿವೇಟರ್’ ಬಗೆಯನ್ನು ಆರಿಸಿದೆ. ಆಮೇಲೆ ಆಟ ಕೇಳದ ಮೂರು ಕಟ್ಟಳೆಗಳನ್ನು ನಾನೇ ಕಾಗದದ ಮೇಲೆ ಬರೆದು ಟಿವಿಯ ಕೆಳಗೆ ಅಂಟಿಸಿದೆ. ಓಹಾಯೋ ಮತ್ತು ಅದರ ಗಡಿಯ ರಾಜ್ಯಗಳ ಹುಡುಗರನ್ನು ಮಾತ್ರ ಕರೆಯಬೇಕು. ಬೇರೆ ಕಾಲೇಜಿನಿಂದ ಬರುವವರಲ್ಲಿ ವರ್ಷಕ್ಕೆ ಇಬ್ಬರಿಗಿಂತ ಹೆಚ್ಚು ಬೇಡ. ದೊಡ್ಡ ಕಾಲೇಜು ಕರೆದರೂ ಕೆಂಟ್ ಬಿಡಕೂಡದು.

ಈ ಮೂರು ಸಾಲುಗಳಿಂದ ಆಟದ ಚಹರೆಯೇ ಬದಲಾಯಿತು. ಹೊಸ ಹುಡುಗರನ್ನು ಕರೆತರುವ ರಿಕ್ರೂಟಿಂಗ್ ಪಟ್ಟಿಯಲ್ಲಿ ಮೂವತ್ತೈದು ಜನರಿಗೆ ಜಾಗ, ವಾರಕ್ಕೆ ಇಷ್ಟೇ ಗಂಟೆಗಳು. ಒಬ್ಬನಿಗೆ ಮೊಬೈಲ್‌ನಲ್ಲಿ ಸಂದೇಶ ಕಳಿಸಲು ಹತ್ತು, ಮನೆಯವರನ್ನೂ ಗೆಳೆಯರನ್ನೂ ಮಾತನಾಡಿಸಲು ಇಪ್ಪತ್ತೈದು, ಇದ್ದಬದ್ದ ಬಲವನ್ನೆಲ್ಲ ಹಾಕಲು ಐವತ್ತು. ಹಿಂದಿನ ಡೈನಸ್ಟಿಗಳಲ್ಲಿ ಹುಡುಗರ ಆಟದ ಮಟ್ಟಕ್ಕೆ ಕೊಟ್ಟ ನಕ್ಷತ್ರಗಳ ಲೆಕ್ಕ ನೋಡಿ ಗುಂಡಿ ಒತ್ತುತ್ತಿದ್ದೆ. ಇಲ್ಲಿ ಹುಡುಗ ಯಾವ ಊರಿನವನೆಂದು ಓದತೊಡಗಿದೆ. ಯಂಗ್ಸ್‌ಟೌನ್‌ನ ಎರಡು ನಕ್ಷತ್ರದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವವನು, ಒಬ್ಬ ಕಣ್ಣಿಗೆ ಬಿದ್ದ. ಪರೀಕ್ಷಿಸಿ ನೋಡಿದರೆ ಹೆಸರಿನ ಪಕ್ಕ ಹಸಿರು ರತ್ನದ ಗುರುತು ಹೊಳೆಯಿತು, ಅಂದರೆ ನಕ್ಷತ್ರ ಹೇಳುವುದಕ್ಕಿಂತ ಮೇಲಿನವನು. ಟೊಲೆಡೊ ಕಾಲೇಜೂ ಅವನ ಹಿಂದೆ ಬಿದ್ದಿತ್ತು. ಆರು ವಾರ ಐವತ್ತೈವತ್ತು ಗಂಟೆ ಅವನಿಗೇ ಸುರಿದೆ. ಅದರಿಂದ ಒಳ್ಳೆಯ ಡಿಫೆಂಡರ್ ಒಬ್ಬ ಕೈತಪ್ಪಿದ.

ಬಂದ ಮೇಲೂ ನೆಮ್ಮದಿಯಿಲ್ಲ. ಪ್ರತಿ ಆಟಗಾರನಿಗೂ ಬಿಟ್ಟುಕೊಡಲಾಗದ ಒಂದು ಬೇಡಿಕೆ ಇರುತ್ತದೆ. ಇವನದು ಆಡುವ ಅವಕಾಶ. ಮೊದಲ ವರ್ಷ ಬೆಂಚಿನಲ್ಲಿ ಕೂರಿಸಿದ್ದಕ್ಕೆ ಸೀಸನ್ ಮುಗಿದೊಡನೆ, ಹೊರಡುವವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಮನವೊಲಿಸುವ ಗುಂಡಿ ಒತ್ತಿ, ಉತ್ತರ ಬರುವವರೆಗೆ ರಿಮೋಟನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ನಿಂತಿದ್ದೆ. ಉಳಿದ. ಮೊದಲ ಡೈನಸ್ಟಿಯಲ್ಲಿ ಇಂಥ ಹತ್ತು ಜನ ಹೋದಾಗ ನಾನು ಹೆಸರು ಕೂಡ ಓದಿರಲಿಲ್ಲ.

ಲೆಕ್ಕದ ನಾಲ್ಕು ಸೀಸನ್ ಮುಗಿದರೂ ಇದನ್ನು ನಿಲ್ಲಿಸಲಾಗಲಿಲ್ಲ. ಆ ಹುಡುಗನಿಗೆ ಕಾಲೇಜಿನಲ್ಲಿ ಇನ್ನೊಂದು ವರ್ಷ ಬಾಕಿಯಿತ್ತು. ಐದನೆಯ ಸೀಸನ್, ನಮ್ಮದೇ ಡಿಕ್ಸ್ ಕ್ರೀಡಾಂಗಣ, ಎದುರಿಗೆ ಅಕ್ರನ್. ನಾಲ್ಕು ಅಂಕ ಹಿಂದೆ, ಒಂದು ನಿಮಿಷವೂ ಉಳಿದಿಲ್ಲ. ಎಸೆಯಲು ದಾರಿ ಕಾಣದೆ ಅವನನ್ನು ಬಲಕ್ಕೆ ಓಡಿಸಿದೆ. ಗೋಲು ಗೆರೆಯ ಮೂಲೆಯಲ್ಲಿದ್ದ ಪುಟ್ಟ ಕಂಬಕ್ಕೆ ಚೆಂಡು ತಾಗಿಸುತ್ತಾ ಬಿದ್ದ: ಟಚ್‌ಡೌನ್, ಆರು ಅಂಕ. ಬಂಡಿಚಕ್ರ ನಮ್ಮದಾಯಿತು. ಕಾನ್ಫರೆನ್ಸ್ ಆ ವರ್ಷವೂ ಸಿಗಲಿಲ್ಲ, ಏಳು ಗೆಲುವು, ಐದು ಸೋಲು.

ಈಗ ಅವನ ಜಾಗ ಖಾಲಿಯಿದೆ. ಪಟ್ಟಿಯಲ್ಲಿ ಸದ್ಯ ಮೊದಲಿರುವವನು ಕ್ಯಾಂಟನ್ ಊರಿನವನು, ಮತ್ತೆ ಎರಡೇ ನಕ್ಷತ್ರ. ಈ ವಾರದ ಐವತ್ತು ಗಂಟೆ ಅವನಿಗೆ.